ಸಂಡೂರಿನ ಚಳಿ ಮತ್ತು ಕಟ್ಟಿಗೆ ಒಲೆ: ನಮ್ಮ ಕಾಟೇಜಿಗೆ ಬರುವವರಿಗೆ

ಬಳ್ಳಾರಿ ಜಿಲ್ಲೆಯ ಕಾಟೇಜಿನಲ್ಲಿ ಚಳಿ ಕಾಯಿಸಿಕೊಳ್ಳುವ ಒಲೆ ಏಕೆ ಎಂದು ಕೇಳುವವರೆಲ್ಲ ಏಪ್ರಿಲ್ ತಿಂಗಳಲ್ಲಿ ಬಂದವರು. ಆಗ ಒಲೆಯ ಅಗತ್ಯವಿಲ್ಲ, ಅಂಗಳಕ್ಕೆ ಕಾಲಿಟ್ಟರೆ ಸಾಕು. ಡಿಸೆಂಬರ್, ಜನವರಿಯ ಮಾತು ಬೇರೆ. ಹೊತ್ತು ಮುಳುಗಿದ ಮೇಲೆ ಸಂಡೂರಿನ ಗುಡ್ಡಗಳಿಂದ ಇಳಿದು ಬರುವ ಗಾಳಿಗೆ ಕಲ್ಲಿನ ಗೋಡೆ ತಣ್ಣಗಾಗುತ್ತದೆ, ಕಂಬಳಿ ಸಾಲುವುದಿಲ್ಲ. ಬಳ್ಳಾರಿ ದಂಡಿನ ಬಿಸಿಲು ತಾಳಲಾರದ ಬ್ರಿಟಿಷರು ಇಲ್ಲಿಯ ರಾಮಗಢದ ಮೇಲೆ, 3,200 ಅಡಿಗೂ ಹೆಚ್ಚಿನ ಎತ್ತರದಲ್ಲಿ, ಸೈನಿಕರಿಗೆ ಆರೋಗ್ಯಧಾಮ ಮಾಡಿಕೊಂಡಿದ್ದು ಸುಮ್ಮನೆ ಅಲ್ಲ. ನಮ್ಮ ಕಾಟೇಜು ಅಷ್ಟು ಮೇಲಿಲ್ಲ, ಗುಡ್ಡದ ಬುಡದಲ್ಲಿದೆ. ಆದರೂ ಬೆಂಗಳೂರಿನಿಂದ ಬರುವ ಮಕ್ಕಳು ಮೊದಲ ರಾತ್ರಿಯೇ "ಆಂಟಿ, ಒಲೆ ಹಚ್ಚಿಕೊಡಿ" ಎಂದು ಬಾಗಿಲು ತಟ್ಟುತ್ತಾರೆ.

ಹಚ್ಚಿಕೊಡುತ್ತೇನೆ. ಆದರೆ ಹಚ್ಚುವವಳು ನಾನಾದರೂ, ಆಮೇಲೆ ರಾತ್ರಿಯಿಡೀ ಅದರೊಂದಿಗೆ ಇರುವವರು ನೀವು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಸಾಣಾಪುರ, ಆನೆಗೊಂದಿ ಕಡೆ ಹೋಮ್‌ಸ್ಟೇ ನಡೆಸುವವರು ಕೂಡ ಈಗ ಇಂಥ ಒಲೆಗಳನ್ನು ಇಡಿಸುವ ಮಾತಾಡುತ್ತಿದ್ದಾರೆ. ಅವರಿಗೂ ಇದರಲ್ಲಿ ಒಂದಿಷ್ಟು ವಿಷಯವಿದೆ.

ನಮ್ಮಲ್ಲಿ ಎರಡು ಒಲೆಗಳಿವೆ. ಹಜಾರದಲ್ಲಿರುವುದು ದಪ್ಪ ಕಬ್ಬಿಣದ ಹಲಗೆಯಿಂದ ವೆಲ್ಡಿಂಗ್ ಮಾಡಿಸಿದ್ದು. ಮುಂದೆ ಬಾಗಿಲು, ಬಾಗಿಲ ಕೆಳಗೆ ಗಾಳಿ ಬರುವ ಕಿಂಡಿ, ಹಿಂದೆ ಸೂರು ದಾಟಿ ಹೋಗುವ ಹೊಗೆ ಕೊಳವೆ. ಇನ್ನೊಂದು ಹಿತ್ತಲಿನ ಹಂಡೆ ಒಲೆ, ಸ್ನಾನದ ನೀರಿಗೆ. ಬೆಂಕಿಗೆ ಹೆದರುವ ಅತಿಥಿಗಳಿಂದ ನನಗೆ ಯಾವ ಚಿಂತೆಯೂ ಇಲ್ಲ. ನನ್ನ ಚಿಂತೆಯೆಲ್ಲ ಚಳಿಗೆ ಹೆದರುವವರದು. ಅವರು ಬೆಂಕಿ ಹಚ್ಚಿದ ಮರುಕ್ಷಣ ಕಿಟಕಿ ಮುಚ್ಚುತ್ತಾರೆ, ಬಾಗಿಲ ಸಂದಿಗೆ ಟವೆಲ್ ತುರುಕುತ್ತಾರೆ, ಬೆಂಕಿ ಬೆಳಗಿನವರೆಗೆ ಬರಲಿ ಎಂದು ಗಾಳಿ ಕಿಂಡಿಯನ್ನೂ ಪೂರ್ತಿ ಎಳೆದುಬಿಡುತ್ತಾರೆ. ಒಲೆಯ ಅನಾಹುತಗಳಲ್ಲಿ ಬಹುಪಾಲು ಏನನ್ನಾದರೂ ಮುಚ್ಚಿದ್ದರಿಂದಲೇ ಆಗುತ್ತವೆ. ಬೆಂಕಿಗೆ ಗಾಳಿ ಬರುವ ದಾರಿ ಒಂದು, ಹೊಗೆ ಹೋಗುವ ದಾರಿ ಒಂದು. ಎರಡೂ ತೆರೆದಿರಬೇಕು. ಮುಂದೆ ಹೇಳುವ ಬಹಳಷ್ಟು ಸಂಗತಿ ಇದರ ಸುತ್ತಲೇ ಇದೆ.

ಕಾಣದ ಹೊಗೆ

ಕಣ್ಣುರಿಸುವ ಹೊಗೆಯನ್ನು ಯಾರೂ ಸಹಿಸಿಕೊಂಡು ಕೂರುವುದಿಲ್ಲ, ಎದ್ದು ಹೊರಗೆ ಹೋಗುತ್ತಾರೆ. ಆದ್ದರಿಂದ ಅದು ಅಷ್ಟು ಅಪಾಯವಲ್ಲ. ಗಾಳಿ ಸಾಲದೆ ಅರೆಬರೆ ಉರಿಯುವ ಕಟ್ಟಿಗೆ, ಇದ್ದಿಲುಗಳಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಲೇ ಇರುತ್ತೀರಿ, ಮೈಗೆ ಮಾತ್ರ ಉಸಿರು ಸಿಗುವುದಿಲ್ಲ.

ಲಕ್ಷಣಗಳು ಮೋಸದವು. ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು, ಕಾಲಿನಲ್ಲಿ ಶಕ್ತಿ ಇಲ್ಲದಂತಾಗುವುದು, ವಿಪರೀತ ಮಂಪರು. ಇಡೀ ದಿನ ಕಾರಿನಲ್ಲಿ ಕುಳಿತು ಬಂದವರಿಗೆ ಇದು ಪ್ರಯಾಣದ ಸುಸ್ತು ಎನ್ನಿಸುತ್ತದೆ. ಮಧ್ಯಾಹ್ನ ಮಿರ್ಚಿ ಬಜ್ಜಿ, ಒಗ್ಗರಣೆ ಮಂಡಕ್ಕಿ ತಿಂದಿದ್ದರೆ ಹೊಟ್ಟೆಯ ಮೇಲೆ ತಪ್ಪು ಹಾಕುತ್ತಾರೆ. ಗುರುತಿಸುವ ಬಗೆ ಇದು: ಒಂದೇ ಕೋಣೆಯಲ್ಲಿರುವ ಇಬ್ಬರು ಮೂವರಿಗೆ ಒಟ್ಟೊಟ್ಟಿಗೆ ತಲೆನೋವು ಬಂದರೆ, ಹೊರಗೆ ಹೋದಾಗ ಕಡಿಮೆಯಾಗಿ ಒಳಗೆ ಬಂದಾಗ ಮತ್ತೆ ಶುರುವಾದರೆ, ಅದು ಬಜ್ಜಿಯ ತಪ್ಪಲ್ಲ. ಹಾಗಾದಾಗ ಒಲೆಯನ್ನು ಸರಿಪಡಿಸಲು ಕೂರಬೇಡಿ. ಮಲಗಿದವರನ್ನು ಎಬ್ಬಿಸಿ, ಏಳದವರನ್ನು ಎತ್ತಿಕೊಂಡು ಅಂಗಳಕ್ಕೆ ಬನ್ನಿ. ಬರುವ ದಾರಿಯಲ್ಲಿ ಬಾಗಿಲುಗಳನ್ನು ತೆರೆದಿಟ್ಟು ಬನ್ನಿ. 108ಕ್ಕೆ ಕರೆ ಮಾಡಿ, ಕಟ್ಟಿಗೆಯ ಹೊಗೆ ಕುಡಿದಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿ. ಹೊರಗಿನ ಗಾಳಿಗೆ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಗರ್ಭಿಣಿಯರು, ಮಕ್ಕಳು, ಹೃದಯದ ತೊಂದರೆ ಇರುವವರು ಇದ್ದರಂತೂ ಎರಡನೆಯ ಯೋಚನೆಯೇ ಬೇಡ.

ಕಾಟೇಜಿನ ಹಜಾರದಲ್ಲಿ ಮತ್ತು ಮಲಗುವ ಕೋಣೆಯಲ್ಲಿ ಈ ಅನಿಲವನ್ನು ಪತ್ತೆ ಮಾಡುವ ಬ್ಯಾಟರಿಯ ಅಲಾರಂ ಇಟ್ಟಿದ್ದೇನೆ. ಬಿಳಿ ಡಬ್ಬಿ, ಕೈ ಅಗಲದ್ದು. ಬಂದ ದಿನವೇ ಅದರ ಗುಂಡಿ ಒತ್ತಿ ಶಬ್ದ ಕೇಳಿಸಿಕೊಳ್ಳಿ. ಮಕ್ಕಳಿಗೂ ಕೇಳಿಸಿ, ನಡುರಾತ್ರಿ ಅದು ಕೂಗಿದರೆ ಮೊಬೈಲ್ ಎಂದುಕೊಂಡು ಮಗ್ಗುಲು ಬದಲಿಸಬಾರದು. ದಯವಿಟ್ಟು ಅದರ ಬ್ಯಾಟರಿಯನ್ನು ಟಿವಿ ರಿಮೋಟಿಗೆ ಹಾಕಿಕೊಳ್ಳಬೇಡಿ. ರಿಮೋಟಿಗೆ ಬೇಕಾದರೆ ನನ್ನನ್ನು ಕೇಳಿ, ಕೊಡುತ್ತೇನೆ. ಹೊಗೆ ಅಲಾರಂ ಬೇರೆ, ಇದು ಬೇರೆ. ಒಂದಿದ್ದರೆ ಇನ್ನೊಂದು ಬೇಡ ಎಂದು ಕಾಟೇಜು ನಡೆಸುವವರು ಲೆಕ್ಕ ಹಾಕಬಾರದು.

ಒಲೆ ಉರಿಯುವಷ್ಟು ಹೊತ್ತು ಹಜಾರದ ಪೂರ್ವದ ಕಿಟಕಿ ನಾಲ್ಕು ಬೆರಳಿನಷ್ಟು ತೆರೆದಿರಬೇಕು. ಅದು ಮುಚ್ಚದಂತೆ ಮರದ ತುಂಡೊಂದನ್ನು ಅಲ್ಲಿ ಕಟ್ಟಿದ್ದೇನೆ. ಅದನ್ನು ಬಿಚ್ಚಿ ಉರುವಲಿಗೆ ಹಾಕಿದ ಪುಣ್ಯಾತ್ಮರೂ ಬಂದು ಹೋಗಿದ್ದಾರೆ. ಅಡುಗೆಮನೆಯ ಹೊಗೆ ಎಳೆಯುವ ಫ್ಯಾನನ್ನು ಒಲೆ ಉರಿಯುವಾಗ ಹಾಕಬೇಡಿ. ಕಿಟಕಿ ಮುಚ್ಚಿದ ಮನೆಯಲ್ಲಿ ಆ ಫ್ಯಾನು ಗಾಳಿಯನ್ನು ಹೊರಗೆಳೆದರೆ, ಅದನ್ನು ತುಂಬಲು ಹೊರಗಿನ ಗಾಳಿ ಹೊಗೆ ಕೊಳವೆಯಿಂದಲೇ ಕೆಳಗಿಳಿಯುತ್ತದೆ, ಹೊಗೆಯನ್ನೂ ಜೊತೆಗೆ ತರುತ್ತದೆ.

ಇನ್ನೊಂದು ಮಾತು. ಹಜಾರದಲ್ಲಿ ಬೆಚ್ಚಗಿದೆ, ಮಲಗುವ ಕೋಣೆ ತಣ್ಣಗಿದೆ ಎಂದು ಕೆಂಡವನ್ನು ಬಾಣಲೆಗೆ ತುಂಬಿ ಮಂಚದ ಪಕ್ಕ ಇಟ್ಟುಕೊಳ್ಳುವವರಿದ್ದಾರೆ. ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯೊಳಗೆ ಇಡುವುದು ಈ ಇಡೀ ಬರಹದಲ್ಲಿ ಅತ್ಯಂತ ಅಪಾಯದ ಕೆಲಸ. ಕೆಂಡ ಹೊಗೆಯಾಡುವುದಿಲ್ಲ, ಆದ್ದರಿಂದ ಶುದ್ಧ ಎನ್ನಿಸುತ್ತದೆ. ಮಲಗಿದಲ್ಲೇ ಮನೆಮಂದಿ ಉಸಿರುಗಟ್ಟಿ ಹೋದರೆಂದು ಪ್ರತಿ ಚಳಿಗಾಲ ಪತ್ರಿಕೆಗಳಲ್ಲಿ ಓದುವ ಸುದ್ದಿಗಳ ಹಿಂದೆ ಇರುವುದು ಇಂಥ ಕೆಂಡವೇ. ಬಾರ್ಬೆಕ್ಯೂ ಇದ್ದಿಲಿಗೂ ಇದೇ ಮಾತು, ಮಳೆ ಬಂತೆಂದು ಅದನ್ನು ವರಾಂಡದಿಂದ ಒಳಗೆ ತರಬೇಡಿ. ಚಳಿ ತಡೆಯದಿದ್ದರೆ ಎರಡನೆಯ ಕಂಬಳಿ ಕಪಾಟಿನಲ್ಲಿದೆ, ಬಿಸಿನೀರಿನ ರಬ್ಬರ್ ಚೀಲವೂ ಇದೆ.

ಕಟ್ಟಿಗೆ

ಈ ಸೀಮೆಯಲ್ಲಿ ಉರುವಲಿಗೆ ಬರವಿಲ್ಲ. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತುಕೊಂಡ ಬಳ್ಳಾರಿ ಜಾಲಿ ಹೊಲದ ಬದು, ಕೆರೆಯಂಗಳ, ಕಾಲುವೆ ದಂಡೆ ಎಲ್ಲವನ್ನೂ ಆವರಿಸಿಕೊಂಡಿದೆ. ಹೊರದೇಶದಿಂದ ಬಂದ ಗಿಡ, ಕಡಿದಷ್ಟೂ ಚಿಗುರುತ್ತದೆ. ರೈತರಿಗೆ ಶಾಪ, ಒಲೆಗೆ ವರ. ಗಟ್ಟಿ ಕಟ್ಟಿಗೆ, ಬಿಸಿ ಜೋರು, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಅದರ ಬಿಸಿ ಜೋರಾದ್ದರಿಂದಲೇ ಕಬ್ಬಿಣದ ಒಲೆಗೆ ಒಮ್ಮೆಗೆ ಎರಡು ಮೂರು ತುಂಡು ಸಾಕು. ಬಾಯಿ ತುಂಬ ತುರುಕಿ ಗಾಳಿ ಕಿಂಡಿ ಪೂರ್ತಿ ತೆರೆದರೆ ಒಲೆಯ ಮೈ ಕೆಂಪಗಾಗುತ್ತದೆ. ಕೆಂಪಗಾದ ಕಬ್ಬಿಣವನ್ನು ನೋಡಿ ಫೋಟೋ ತೆಗೆಯಬೇಡಿ, ಕಿಂಡಿ ತಗ್ಗಿಸಿ. ಹಲಗೆ ಸೊಟ್ಟಗಾಗುತ್ತದೆ, ಬೆಸುಗೆ ಬಿಡುತ್ತದೆ, ಹಿಂದಿನ ಗೋಡೆ ಕಾಯುತ್ತದೆ.

ನಾನು ಹುಟ್ಟಿ ಬೆಳೆದದ್ದು ಸಿರುಗುಪ್ಪದ ಕಡೆಯ ಹಳ್ಳಿಯಲ್ಲಿ. ಅಲ್ಲಿ ತುಂಗಭದ್ರೆಯ ನೀರಿನ ಭತ್ತದ ಸೀಮೆ, ಗಿರಣಿಯ ಹೊಟ್ಟು ಯಥೇಚ್ಛ, ಎರೆ ಹೊಲದಿಂದ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ. ಹತ್ತಿ, ತೊಗರಿ ಕಡ್ಡಿಗಳು ಭರ್ರನೆ ಹೊತ್ತಿ ಭರ್ರನೆ ಆರುತ್ತವೆ. ಬೆಂಕಿ ಹಚ್ಚಲು ಅವು ಸರಿ, ಕಾಯಿಸಿಕೊಳ್ಳಲು ಅಲ್ಲ. ಹೊಟ್ಟನ್ನು ಕಬ್ಬಿಣದ ಒಲೆಗೆ ಹಾಕಲೇಬಾರದು. ಅದಕ್ಕೆ ಅದರದೇ ಒಲೆ ಬೇಕು. ಇಲ್ಲಿ ಸುರಿದರೆ ಗಾಳಿ ಆಡದೆ ಒಳಗೇ ಕನಲುತ್ತಾ ಅನಿಲ ಕಟ್ಟುತ್ತದೆ, ಬಾಗಿಲು ತೆರೆದಾಗ ಭಗ್ಗೆನ್ನುತ್ತದೆ.

ಹಸಿ ಕಟ್ಟಿಗೆಯೇ ಒಲೆಯ ದೊಡ್ಡ ಶತ್ರು. ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಲೆಗೆ ಹಾಕುವಾಗ ಅದು 20 ಶೇಕಡಕ್ಕಿಂತ ಕೆಳಗೆ ಇಳಿದಿರಬೇಕು. ಹಸಿ ಕಟ್ಟಿಗೆ ಹಾಕಿದಾಗ ಬೆಂಕಿಯ ಬಿಸಿಯೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಮುಗಿಯುತ್ತದೆ. ತಣ್ಣನೆಯ ದಪ್ಪ ಹೊಗೆ ಕೊಳವೆಯೊಳಗೆ ಏರುತ್ತಾ ಕಪ್ಪು ಅಂಟಾಗಿ ಹಿಡಿದುಕೊಳ್ಳುತ್ತದೆ. ಹಳೆಯ ಅಡುಗೆಮನೆಗಳ ಜಂತಿಯಲ್ಲಿ ಇಲ್ಲಣ ತೂಗಾಡುವುದನ್ನು ನೋಡಿದ್ದೀರಲ್ಲ, ಇದು ಅದಕ್ಕಿಂತ ಕೆಟ್ಟದ್ದು. ಡಾಂಬರಿನಂಥ ಈ ಅಂಟಿಗೂ ಬೆಂಕಿ ಹತ್ತುತ್ತದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಣಗಿದೆಯೇ ಎಂದು ನೋಡಲು ಯಂತ್ರ ಬೇಡ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಠಣ್ ಎನ್ನುತ್ತದೆ, ಹಸಿಯದು ಥಪ್ ಎನ್ನುತ್ತದೆ. ಕೊನೆಯಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ಕೈಯಿಂದ ಕೀಳಲು ಬರಬೇಕು. ಬೆಂಕಿಗೆ ಹಾಕಿದ ಮೇಲೆ ತುದಿಯಲ್ಲಿ ನೊರೆ ಉಕ್ಕಿದರೆ ನಾನು ಕೊಟ್ಟ ಕಟ್ಟಿಗೆಯಲ್ಲ ಅದು, ನೀವು ದಾರಿಯಲ್ಲಿ ಆರಿಸಿ ತಂದದ್ದು. ನಮ್ಮದನ್ನು ಬೇಸಿಗೆಯ ಮೊದಲೇ ಸೀಳಿಸಿ, ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬಿಟ್ಟು, ಮಳೆ ಹಿಡಿಯುವ ಮೊದಲು ಸೂರಿನಡಿ ಒಟ್ಟುತ್ತೇವೆ. ಬಳ್ಳಾರಿ ಬಿಸಿಲನ್ನು ಬೈಯುವವರು ಈ ಒಂದು ಉಪಕಾರವನ್ನು ನೆನೆಯಬೇಕು, ಮಲೆನಾಡಿನವರು ವರ್ಷಗಟ್ಟಲೆ ಕಾಯುವುದನ್ನು ನಮಗೆ ಎರಡು ತಿಂಗಳು ಮಾಡಿಕೊಡುತ್ತದೆ.

ಹಾಕಬಾರದ್ದನ್ನೂ ಹೇಳಿಬಿಡುತ್ತೇನೆ. ಕಣಗಿಲೆ ಕಡ್ಡಿ ಬೇಡ, ಅದರ ಎಲೆ, ಕಾಂಡ, ಹೊಗೆ ಎಲ್ಲವೂ ವಿಷ. ಹೆದ್ದಾರಿಯ ನಡುವೆ ಸಾಲಾಗಿ ನೆಟ್ಟಿರುವ ಗುಲಾಬಿ ಹೂವಿನ ಗಿಡ ಅದೇ. ಕಳ್ಳಿ ಬೇಡ, ಅದರ ಹಾಲು, ಹೊಗೆ ಕಣ್ಣಿಗೆ ಕೆಟ್ಟದ್ದು. ಬಣ್ಣ ಬಳಿದ ಬಾಗಿಲು, ಪ್ಲೈವುಡ್, ಹಳೆಯ ರೈಲು ಸ್ಲೀಪರ್, ಹಾಲಿನ ಪಾಕೀಟು, ಚಿಪ್ಸ್ ಚೀಲ, ಡೈಪರ್ ಇವೆಲ್ಲ ಒಲೆಗೆ ಅಲ್ಲ. ಒಲೆಯೇನು ಕಸದ ತೊಟ್ಟಿಯೇ?

ಗುಡ್ಡಕ್ಕೆ ನಡೆದು ಹೋದಾಗ ಕಟ್ಟಿಗೆ ಆರಿಸಿಕೊಂಡು ಬರಬೇಡಿ. ಕುಮಾರಸ್ವಾಮಿ ಗುಡಿಯ ಸುತ್ತಿನದು, ಅದರಾಚೆಯದು ಬಹುಪಾಲು ಅರಣ್ಯ ಇಲಾಖೆಗೆ ಸೇರಿದ್ದು. ಕಾಯ್ದಿಟ್ಟ ಅರಣ್ಯದಿಂದ ಅನುಮತಿ ಇಲ್ಲದೆ ಕಟ್ಟಿಗೆ ತರುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಒಣಗಿ ಬಿದ್ದದ್ದು ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಒಟ್ಟಿಲಿನಿಂದ ಕಟ್ಟಿಗೆ ತೆಗೆಯುವಾಗ ಬರಿಗೈ ಹಾಕಬೇಡಿ, ಚಪ್ಪಲಿಯಲ್ಲಿ ಅಲ್ಲ, ಶೂ ಹಾಕಿಕೊಂಡು ಹೋಗಿ. ಕತ್ತಲಾದ ಮೇಲೆ ಟಾರ್ಚ್ ಬೆಳಕು ಬಿಟ್ಟು ನೋಡಿ, ಕೋಲಿನಿಂದ ತಟ್ಟಿ, ಆಮೇಲೆ ಇಕ್ಕಳದಿಂದ ಎಳೆಯಿರಿ. ಚೇಳಿಗೂ ಮಂಡಲದ ಹಾವಿಗೂ ಬೆಚ್ಚಗಿನ ಕಟ್ಟಿಗೆ ಒಟ್ಟಿಲು ಎಂದರೆ ಇಷ್ಟ. ಆದ್ದರಿಂದಲೇ ಒಟ್ಟಿಲನ್ನು ಕಲ್ಲಿನ ಮೇಲೆ ಎತ್ತರಿಸಿ, ಮನೆಗೋಡೆಗೆ ತಾಗದಂತೆ ಇಟ್ಟಿದ್ದೇವೆ. ಸಂಜೆ ಬೆಳಕಿರುವಾಗಲೇ ರಾತ್ರಿಗೆ ಬೇಕಾದಷ್ಟನ್ನು ಬುಟ್ಟಿಗೆ ತುಂಬಿ ಒಳಗಿಟ್ಟುಕೊಂಡರೆ ಈ ಫಜೀತಿಯೇ ಇಲ್ಲ. ಆ ಬುಟ್ಟಿ ಒಲೆಯಿಂದ ದೂರವಿರಲಿ, ಒಲೆಯ ಮೇಲಂತೂ ಕಟ್ಟಿಗೆಯನ್ನು ಒಣಗಲು ಇಡಬೇಡಿ.

ಹಚ್ಚುವ ಬಗೆ

ಮೊದಲು ಕೊಳವೆಯ ಹಿಡಿ ನೋಡಿ. ಹಿಡಿ ಕೊಳವೆಯ ಉದ್ದಕ್ಕೇ ನಿಂತಿದ್ದರೆ ಒಳಗಿನ ತಗಡು ತೆರೆದಿದೆ, ಅಡ್ಡಡ್ಡ ಇದ್ದರೆ ಮುಚ್ಚಿದೆ. ಇದನ್ನು ಡ್ಯಾಂಪರ್ ಎನ್ನುತ್ತಾರೆ. ಹಚ್ಚುವಾಗ ಡ್ಯಾಂಪರ್ ಮತ್ತು ಕೆಳಗಿನ ಗಾಳಿ ಕಿಂಡಿ ಎರಡೂ ಪೂರ್ತಿ ತೆರೆದಿರಬೇಕು.

ಮನೆಯ ಒಲೆಯಲ್ಲಿ ಕೆಳಗೆ ಪುರಳೆ, ಮೇಲೆ ಕಟ್ಟಿಗೆ ಇಟ್ಟು ಊದುಗೊಳವೆಯಿಂದ ಊದಿ ಅಭ್ಯಾಸವಾದವರಿಗೆ ಈ ಒಲೆಯ ಕ್ರಮ ತಲೆಕೆಳಗು ಎನ್ನಿಸುತ್ತದೆ. ಇಲ್ಲಿ ದಪ್ಪ ತುಂಡು ಎರಡನ್ನು ಕೆಳಗೆ, ಅವುಗಳ ನಡುವೆ ಬೆರಳು ಆಡುವಷ್ಟು ಜಾಗ ಬಿಟ್ಟು ಇಡಿ. ಅದರ ಮೇಲೆ ಹೆಬ್ಬೆರಳು ಗಾತ್ರದ ಚಕ್ಕೆಗಳನ್ನು ಅಡ್ಡಡ್ಡ ಜೋಡಿಸಿ. ಎಲ್ಲಕ್ಕಿಂತ ಮೇಲೆ ತೊಗರಿ ಕಡ್ಡಿ, ತೆಂಗಿನ ನಾರು. ಬೆಂಕಿ ಮೇಲಿನಿಂದ ಹಚ್ಚಿ, ಅದು ತಾನಾಗಿ ಕೆಳಗಿಳಿಯುತ್ತದೆ. ಹೀಗೆ ಮಾಡಿದರೆ ಕೊಳವೆ ಮೊದಲೇ ಕಾಯುತ್ತದೆ, ಕೆಳಗಿನ ಕಟ್ಟಿಗೆಯಿಂದ ಎದ್ದ ಹೊಗೆ ಮೇಲಿನ ಜ್ವಾಲೆಯೊಳಗೆ ಹಾದುಹೋಗುವಾಗ ಸುಟ್ಟುಹೋಗುತ್ತದೆ. ಹಚ್ಚಲು ಒಂದು ಬಿಲ್ಲೆ ಕರ್ಪೂರ ಸಾಕು, ದೇವರ ಕೋಣೆಯ ಗೂಡಿನಲ್ಲಿದೆ. ಬೈಕಿನ ಪೆಟ್ರೋಲು, ಸೀಮೆಎಣ್ಣೆ, ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್, ಸೆಂಟಿನ ಡಬ್ಬಿ ಇವುಗಳಲ್ಲಿ ಯಾವುದನ್ನೂ ಬೆಂಕಿಯ ಹತ್ತಿರ ತರಬೇಡಿ. ಆರಿದಂತೆ ಕಾಣುವ ಕೆಂಡದ ಮೇಲೆ ಪೆಟ್ರೋಲು ಸುರಿದರೆ ಅದರ ಆವಿ ಹೊತ್ತಿ, ಜ್ವಾಲೆ ಕೈಯಲ್ಲಿರುವ ಬಾಟಲಿಗೇ ಬರುತ್ತದೆ.

ಕೆಲವು ಸಂಜೆ, ಬಹಳ ದಿನ ಉರಿಸದೆ ಬಿಟ್ಟ ಮೇಲೆ, ಕೊಳವೆಯೊಳಗಿನ ತಣ್ಣನೆಯ ಗಾಳಿ ಭಾರವಾಗಿ ಕುಳಿತಿರುತ್ತದೆ. ಹಚ್ಚಿದರೆ ಹೊಗೆ ಹಜಾರಕ್ಕೇ ಬರುತ್ತದೆ. ಆಗ ಕಟ್ಟಿಗೆಗೆ ಹಚ್ಚುವ ಮೊದಲು ಒಂದು ಹಾಳೆ ಪತ್ರಿಕೆಯನ್ನು ಸುರುಳಿ ಸುತ್ತಿ ಹೊತ್ತಿಸಿ, ಕೊಳವೆಯ ಬಾಯಿಯ ಹತ್ತಿರ ಹಿಡಿಯಿರಿ. ಗಾಳಿ ಮೇಲಕ್ಕೆ ಎಳೆಯಲು ಶುರುವಾದದ್ದು ಜ್ವಾಲೆ ಬಾಗುವುದರಿಂದಲೇ ಗೊತ್ತಾಗುತ್ತದೆ. ಎರಡನೆಯ ಸಲವೂ ಹೊಗೆ ಒಳಗೇ ಬಂದರೆ ಹಟ ಮಾಡಬೇಡಿ. ಕೊಳವೆಯಲ್ಲಿ ಏನೋ ಸಿಕ್ಕಿಕೊಂಡಿದೆ. ನನ್ನನ್ನು ಕರೆಯಿರಿ.

ಉರಿ ಹಿಡಿದು ಇಪ್ಪತ್ತು ನಿಮಿಷವಾದ ಮೇಲೆ ಗಾಳಿ ಕಿಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸಬಹುದು. ಸರಿಯಾದ ಬೆಂಕಿ ಹಳದಿಯಾಗಿ, ಚುರುಕಾಗಿ ಆಡುತ್ತಿರುತ್ತದೆ, ಸೂರಿನ ಮೇಲಿನ ಕೊಳವೆಯಿಂದ ಹೊಗೆ ಕಂಡೂ ಕಾಣದಂತೆ ಇರುತ್ತದೆ. ಜ್ವಾಲೆ ಮಂಕಾಗಿ, ಕೊಳವೆಯಿಂದ ದಟ್ಟ ಬೂದು ಹೊಗೆ ಎದ್ದರೆ ಗಾಳಿ ಸಾಲದು. ಮತ್ತೆ ಕಟ್ಟಿಗೆ ಹಾಕಲು ಬಾಗಿಲು ತೆರೆಯುವಾಗ ಒಂದೇ ಏಟಿಗೆ ಎಳೆಯಬೇಡಿ. ಮೊದಲು ಕಿಂಡಿ ತೆರೆಯಿರಿ, ಬಾಗಿಲನ್ನು ಒಂದು ಬೆರಳಷ್ಟು ಸರಿಸಿ ಕ್ಷಣ ಹೊತ್ತು ನಿಲ್ಲಿ, ಆಮೇಲೆ ಪೂರ್ತಿ ತೆರೆಯಿರಿ. ಒಳಗೆ ಕಟ್ಟಿಕೊಂಡ ಅನಿಲಕ್ಕೆ ಒಮ್ಮೆಲೇ ಗಾಳಿ ಸಿಕ್ಕರೆ ಜ್ವಾಲೆ ಮುಖಕ್ಕೆ ಬರುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದುಪಟ್ಟಾ ತೆಗೆದಿಟ್ಟು ಬನ್ನಿ. ನೈಲಾನ್ ನೈಟಿ ಹಾಕಿಕೊಂಡವರು ಒಲೆಯ ಮುಂದೆ ಕೂರುವುದೇ ಬೇಡ, ಅದು ಉರಿಯುವಾಗ ಕರಗಿ ಮೈಗೆ ಅಂಟುತ್ತದೆ.

ಮಲಗುವುದಕ್ಕೆ ಒಂದು ಗಂಟೆ ಮೊದಲು ಕಟ್ಟಿಗೆ ಹಾಕುವುದನ್ನು ನಿಲ್ಲಿಸಿ. ರಾತ್ರಿಯಿಡೀ ಕನಲುತ್ತಿರಲಿ ಎಂದು ದಪ್ಪ ಕೊರಡು ತುರುಕಿ ಕಿಂಡಿ ಮುಚ್ಚುವ ಜಾಣತನ ನಮ್ಮ ಕಾಟೇಜಿನಲ್ಲಿ ಬೇಡ. ಕೆಂಡ ಇನ್ನೂ ಇರುವಾಗ ಡ್ಯಾಂಪರ್ ಮುಚ್ಚಬೇಡಿ, ಬೆಳಿಗ್ಗೆ ಬೂದಿ ತಣ್ಣಗಾದ ಮೇಲೆ ಮುಚ್ಚಿದರಾಯಿತು. ಬೆಂಕಿಯನ್ನು ಬೇಗ ಆರಿಸಲು ನೀರು ಹೊಯ್ಯಬಾರದು. ಕಾದ ಕಬ್ಬಿಣ ಸೀಳುತ್ತದೆ, ಬಿಸಿ ಆವಿ ಕೈ ಮುಖ ಸುಡುತ್ತದೆ. ಬಾಗಿಲು ಹಾಕಿ ಹಾಗೇ ಬಿಟ್ಟರೆ ಅದರಷ್ಟಕ್ಕೆ ಆರುತ್ತದೆ.

ಒಲೆಯ ಸುತ್ತ

ಒಲೆಯ ಕೆಳಗೆ ಕಡಪ ಕಲ್ಲು ಹಾಸಿದೆ, ಬಾಗಿಲ ಮುಂದೆ ಒಂದೂವರೆ ಅಡಿ ಹೆಚ್ಚೇ ಚಾಚಿಕೊಂಡಿದೆ. ಸಿಡಿದ ಕಿಡಿ ಅಲ್ಲೇ ಬಿದ್ದು ಸಾಯಲಿ ಎಂದು. ಕಾಲು ಬೆಚ್ಚಗಿರಲಿ ಎಂದು ಆ ಕಲ್ಲಿನ ಮೇಲೆ ಜಮಖಾನ ಎಳೆದುಕೊಂಡರೆ ಕಲ್ಲು ಹಾಸಿದ್ದೇ ದಂಡ. ಸುತ್ತಲೂ ಮೂರು ಅಡಿಯೊಳಗೆ ಸುಡುವ ವಸ್ತು ಯಾವುದೂ ಇರಬಾರದು. ಮಂಚ, ಬೀನ್ ಬ್ಯಾಗ್, ಒದ್ದೆ ಸಾಕ್ಸ್, ಪರದೆ ಯಾವುದೂ. ಸುಶೀಲಾನಗರದ ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಹಾಕಿದ ಕೌದಿ, ತೋರಣಗಳನ್ನು ಕೊಂಡು ತಂದವರು ಒಲೆಯ ಹಿಂದಿನ ಗೋಡೆಗೆ ತೂಗುಹಾಕಿ ಫೋಟೋ ತೆಗೆಯಲು ನೋಡುತ್ತಾರೆ. ಫೋಟೋ ಬೆಳಿಗ್ಗೆ ತೆಗೆಯಿರಿ, ಒಲೆ ಆರಿದಾಗ. ಕೈಗೆಲಸಕ್ಕೆ ತಿಂಗಳು ಹಿಡಿದಿರುತ್ತದೆ, ಹೊತ್ತಲು ನಿಮಿಷ ಬೇಡ.

ಗ್ಯಾಸ್ ಸಿಲಿಂಡರ್ ಅಡುಗೆಮನೆಯಲ್ಲಿದೆ, ಅಲ್ಲೇ ಇರಲಿ. ನೀವು ತಂದ ಚಿಕ್ಕ ಸಿಲಿಂಡರಿನ ಸ್ಟೌವನ್ನೂ ಹಜಾರಕ್ಕೆ ತರಬೇಡಿ. ಇನ್ವರ್ಟರ್ ಬ್ಯಾಟರಿಯನ್ನು ವರಾಂಡದ ಪೆಟ್ಟಿಗೆಯಲ್ಲಿ ಇಟ್ಟಿರುವುದಕ್ಕೂ ಕಾರಣವಿದೆ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಬರುತ್ತದೆ.

ಮಕ್ಕಳಿಗಾಗಿ ಒಲೆಯ ಸುತ್ತ ಕಬ್ಬಿಣದ ಜಾಲರಿ ಇದೆ, ಗೋಡೆಗೆ ಕೊಕ್ಕೆ ಹಾಕಿದೆ. ಕೊಕ್ಕೆ ಬಿಚ್ಚಬೇಡಿ. ಆರಿದ ಒಲೆಯೂ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ, ಜ್ವಾಲೆ ಕಾಣದಿದ್ದಾಗಲೇ ಮಕ್ಕಳು ಕೈ ಇಡುವುದು. ಸುಟ್ಟರೆ ತಕ್ಷಣ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಹಲ್ಲುಜ್ಜುವ ಪೇಸ್ಟು, ಅರಿಸಿನ, ಬೆಣ್ಣೆ, ಶಾಯಿ, ಮಂಜುಗಡ್ಡೆ ಏನನ್ನೂ ಹಚ್ಚಬೇಡಿ, ಮನೆಯ ಹಿರಿಯರು ಏನೇ ಹೇಳಿದರೂ. ಉಂಗುರ, ಬಳೆ ಇದ್ದರೆ ಊದಿಕೊಳ್ಳುವ ಮೊದಲೇ ತೆಗೆಯಿರಿ. ಬೊಬ್ಬೆ ಒಡೆಯಬೇಡಿ. ಚಿಕ್ಕ ಮಗುವಾಗಿದ್ದರೆ, ಮುಖ, ಕೈ, ಕೀಲುಗಳ ಮೇಲೆ ಸುಟ್ಟಿದ್ದರೆ ಆಸ್ಪತ್ರೆಗೆ.

ಕೊಳವೆ ಹೊತ್ತಿಕೊಂಡರೆ

ಹಿಂದೆ ಹೇಳಿದ ಕಪ್ಪು ಅಂಟು ಎಂದಾದರೂ ಜೋರು ಉರಿಗೆ ಹೊತ್ತಿಕೊಳ್ಳಬಹುದು. ಗುರುತು ಶಬ್ದ. ಅದಿರು ತುಂಬಿದ ಗೂಡ್ಸ್ ರೈಲು ಮನೆಯ ಮೇಲೆ ಹಾದುಹೋಗುವಂತೆ ಕೊಳವೆ ಮೊರೆಯುತ್ತದೆ, ಮೇಲಿನ ಬಾಯಿಯಿಂದ ಕಿಡಿ ಹಾರುತ್ತದೆ. ಒಲೆಯ ಬಾಗಿಲು ಹಾಕಿ, ಗಾಳಿ ಕಿಂಡಿ ಮುಚ್ಚಿ. ಇದೊಂದೇ ಸಂದರ್ಭದಲ್ಲಿ ಮುಚ್ಚುವುದು ಸರಿ, ಮುಚ್ಚಿದ ಮೇಲೆ ಒಳಗೆ ನಿಲ್ಲಬಾರದು. ಎಲ್ಲರೂ ಹೊರಗೆ. 112 ಅಥವಾ 101ಕ್ಕೆ ಕರೆ ಮಾಡಿ, ಆಮೇಲೆ ನನಗೆ. ಒಳಗೆ ಕೆಲವು ಮೂಲೆಗಳಲ್ಲಿ ಸಿಗ್ನಲ್ ಸಿಗುವುದಿಲ್ಲ, ಗೇಟಿನ ಬಳಿ ಸಿಗುತ್ತದೆ. ಕಾಟೇಜಿಗೆ ಬರುವ ದಾರಿಯನ್ನು ಬಾಗಿಲ ಹಿಂದೆ ಬರೆದು ಅಂಟಿಸಿದ್ದೇನೆ, ಅದರ ಫೋಟೋವನ್ನು ಬಂದ ದಿನವೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಸೂರು ಹತ್ತಿ ಕೊಳವೆಗೆ ನೀರು ಸುರಿಯುವ ಸಾಹಸ ಬೇಡ. ತಾನಾಗಿ ಆರಿದರೂ ಕೊಳವೆ ಪರೀಕ್ಷೆಯಾಗುವವರೆಗೆ ಮತ್ತೆ ಒಲೆ ಹಚ್ಚುವಂತಿಲ್ಲ, ಒಳಗೆ ಎಲ್ಲಿ ಸೀಳಿದೆಯೋ ಹೊರಗಿನಿಂದ ಕಾಣುವುದಿಲ್ಲ.

ಒಲೆ ಇಡಿಸುವವರಿಗೆ ಇಲ್ಲಿ ನಾಲ್ಕು ಮಾತು. ಕಾಟೇಜುಗಳಿಗೆ ಈಗ ಪಿವಿಸಿ ಸೀಲಿಂಗ್ ಹಾಕಿಸುವುದು, ತಗಡಿನ ಸೂರಿನ ಕೆಳಗೆ ಥರ್ಮಾಕೋಲ್ ತುಂಬುವುದು ರೂಢಿಯಾಗಿದೆ. ಅದರೊಳಗಿಂದ ಬಿಸಿ ಕೊಳವೆಯನ್ನು ತೂತು ಕೊರೆದು ನೇರವಾಗಿ ಹಾಯಿಸಿದರೆ ನೀವು ಒಲೆಯನ್ನಲ್ಲ, ಚಿತೆಯನ್ನು ಕಟ್ಟಿಸಿದಂತೆ. ಸೂರು ದಾಟುವ ಕಡೆ ಕೊಳವೆಯ ಸುತ್ತ ಎರಡನೆಯ ದೊಡ್ಡ ಕೊಳವೆ, ನಡುವೆ ಬೆಂಕಿ ತಾಳುವ ಉಣ್ಣೆಯಂಥ ವಸ್ತು ಇರಬೇಕು. ಗಾಲ್ವನೈಸ್ ತಗಡಿನ ಕೊಳವೆ ಅಗ್ಗವೆಂದು ಹಾಕಿಸಬೇಡಿ, ಅದರ ಸತುವಿನ ಲೇಪ ಈ ಬಿಸಿಯನ್ನು ತಾಳುವುದಿಲ್ಲ. ಕೊಳವೆ ಸೂರಿನಿಂದ ಕನಿಷ್ಠ ಮೂರು ಅಡಿ ಮೇಲೇಳಬೇಕು, ಸುತ್ತ ಹತ್ತು ಅಡಿ ದೂರದೊಳಗೆ ಸೂರಿನ ಏಣಾಗಲಿ, ನೀರಿನ ಟ್ಯಾಂಕಾಗಲಿ ಇದ್ದರೆ ಅದಕ್ಕಿಂತ ಎರಡು ಅಡಿ ಎತ್ತರವಿರಬೇಕು. ಇಲ್ಲವಾದರೆ ಗಾಳಿ ಸುತ್ತಿಕೊಂಡು ಹೊಗೆಯನ್ನು ಕೆಳಕ್ಕೆ ಒತ್ತುತ್ತದೆ.

ನಮ್ಮ ಊರಿಗೆ ಇನ್ನೊಂದು ಕಾಟ ವಿಶೇಷ: ಗಣಿಯ ಕೆಂಧೂಳು. ಕಿಡಿ ಹಾರದಿರಲೆಂದು ಕೊಳವೆಯ ತುದಿಗೆ ಹಾಕಿದ ಜಾಲರಿಯಲ್ಲಿ ಮಸಿಯೂ ಧೂಳೂ ಸೇರಿ ಗಾರೆಯಂತೆ ಕಟ್ಟಿಕೊಳ್ಳುತ್ತದೆ. ಜಾಲರಿ ತೆಗೆಯುವಂತಿಲ್ಲ, ಫೆಬ್ರವರಿ ಬಂತೆಂದರೆ ಗುಡ್ಡದ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಆದ್ದರಿಂದ ಚಳಿಗಾಲದ ಮೊದಲು ಒಮ್ಮೆ ಮತ್ತು ನಡುವೆ ಮತ್ತೊಮ್ಮೆ ಬ್ರಷ್ ಹಾಕಿಸಿ ಜಾಲರಿ ತೊಳೆಸುತ್ತೇನೆ.

ಹಂಡೆ ಒಲೆ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಮ್ಮ ಹಿರಿಯರೇ ಸರಿಯಾಗಿ ಕಟ್ಟಿಟ್ಟು ಹೋಗಿದ್ದಾರೆ. ಹಂಡೆ ಬಚ್ಚಲಿನ ಒಳಗೆ, ಒಲೆಯ ಬಾಯಿ ಗೋಡೆಯಾಚೆ ಹಿತ್ತಲಿಗೆ. ಬೆಂಕಿ ಹೊರಗೆ, ನೀರು ಒಳಗೆ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಹಾಕಿಸಿ ಕಿಂಡಿ ಮುಚ್ಚಿ ಸ್ನಾನಕ್ಕೆ ನಿಲ್ಲುವವರಿಗಿಂತ ಅವರು ಬುದ್ಧಿವಂತರು. ತವರಿನಲ್ಲಿ ಅಡುಗೆಗೆ ಅಸ್ತ್ರ ಒಲೆ ಹಾಕಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ್ದು, ಕೆಳಗೆ ಸರಳಿನ ತಟ್ಟೆ, ಹಿಂದೆ ಕೊಳವೆ. ಅದು ಬಂದ ಮೇಲೆ ಅವ್ವನ ಕೆಮ್ಮು ಕಡಿಮೆಯಾಯಿತು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು.

ಹಂಡೆಯಲ್ಲಿ ಅರ್ಧಕ್ಕಿಂತ ಕಡಿಮೆ ನೀರಿರುವಾಗ ಉರಿ ಹಾಕಬೇಡಿ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮಗುವನ್ನು ಬಚ್ಚಲಿನಲ್ಲಿ ಒಂಟಿಯಾಗಿ ಬಿಡಬೇಡಿ. ಒಲೆಯ ಬಾಯಿಯಿಂದ ಹೊರಗೆ ಚಾಚಿಕೊಂಡ ಕೊಳ್ಳಿಯನ್ನು ಒಳಗೆ ತಳ್ಳದೆ ಸ್ನಾನಕ್ಕೆ ಹೋಗಬೇಡಿ.

ಬೂದಿ

ಬೂದಿ ತಣ್ಣಗಾದಂತೆ ಕಾಣುತ್ತದೆ, ಒಳಗೆ ಕೆಂಡ ಒಂದೆರಡು ದಿನ ಬದುಕಿರುತ್ತದೆ. ಜಾಲಿ ಕಟ್ಟಿಗೆಯದಂತೂ ಇನ್ನೂ ಹೆಚ್ಚು. ಆದ್ದರಿಂದ ಬೂದಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ, ಕಸದ ಚೀಲಕ್ಕೆ, ಗುಡಿಸಿದ ಎಲೆಯ ಗುಡ್ಡೆಗೆ ಹಾಕಬಾರದು. ಮುಚ್ಚಳವಿರುವ ಕಬ್ಬಿಣದ ಡಬ್ಬಿ ಹಿತ್ತಲ ಕಲ್ಲಿನ ಮೇಲಿದೆ. ಅದಕ್ಕೆ ಹಾಕಿ ಮುಚ್ಚಳ ಮುಚ್ಚಿ. ಡಬ್ಬಿಯನ್ನು ಒಳಗೆ ತರಬೇಡಿ, ಅದೇ ಕೆಂಡ ಅದರೊಳಗೂ ಇದೆ. ಪೂರ್ತಿ ಬಳಿಯಬೇಡಿ, ಒಂದು ಅಂಗುಲದಷ್ಟು ಬೂದಿ ಒಲೆಯಲ್ಲೇ ಇದ್ದರೆ ಮರುದಿನದ ಕೆಂಡ ಚೆನ್ನಾಗಿ ನಿಲ್ಲುತ್ತದೆ, ತಳವೂ ಉಳಿಯುತ್ತದೆ. ಮಿಕ್ಕದ್ದು ನನಗೆ ಬೇಕು, ಪಾತ್ರೆಗೂ ಬದನೆ ಗಿಡಕ್ಕೂ. ಹಾಲಿನ ಪಾಕೀಟು, ಬಣ್ಣದ ಹಲಗೆ ಸುಟ್ಟ ಬೂದಿ ಯಾವುದಕ್ಕೂ ಬರುವುದಿಲ್ಲ, ಹಾಗೆ ಸುಟ್ಟದ್ದು ಬೂದಿಯ ಬಣ್ಣ ನೋಡಿಯೇ ನನಗೆ ಗೊತ್ತಾಗುತ್ತದೆ.

ಕಾಟೇಜು ಬಿಡುವ ದಿನ ಬೆಳಿಗ್ಗೆ ಒಲೆ ಹಚ್ಚಬೇಡಿ. ಹನ್ನೊಂದಕ್ಕೆ ಹೊರಡುವವರು ಎಂಟಕ್ಕೆ ಹಚ್ಚಿದರೆ ಕೆಂಡ ಕಾಯುವ ಕೆಲಸ ನನ್ನದಾಗುತ್ತದೆ. ಹಂಡೆಯಲ್ಲಿ ಬಿಸಿನೀರು ನಾನೇ ಕಾಯಿಸಿಟ್ಟಿರುತ್ತೇನೆ. ಹೋಗುವಾಗ ಅಲಾರಂ ಕೂಗಿತ್ತೇ, ಕೊಳವೆ ಮೊರೆದಿತ್ತೇ, ಜಾಲರಿಯ ಕೊಕ್ಕೆ ಸಡಿಲವಾಗಿದೆಯೇ ಎಂಬುದನ್ನು ಬೀಗದ ಕೈ ಕೊಡುವಾಗ ಹೇಳಿ ಹೋಗಿ. ಸಂಜೆಗೆ ಇನ್ನೊಂದು ಸಂಸಾರ ಬರುವುದಿರುತ್ತದೆ, ಅಷ್ಟರೊಳಗೆ ಸರಿಪಡಿಸಬೇಕು.